ನಾಪೋಕ್ಲು ಮಳೆ, ನಾಲ್ಕು ಹೆಣ, ಒಬ್ಬನೇ ಆಡೋ ಆಟ

ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ರ. ಜೂನ್ ಬಂತು ಅಂದ್ರೆ ಮಳೆ ಗಾಳಿ ಎರಡೂ ಒಟ್ಟಿಗೆ ಶುರು, ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿತ್ತು ಅಂದ್ರೆ ಕರೆಂಟ್ ಯಾವಾಗ ಬರುತ್ತೆ ಅಂತ ಕೇಳೋಕೂ ಹೋಗಲ್ಲ ನಾವು. ಇಂಥ ಊರಲ್ಲಿ ಕೂತ್ಕೊಂಡು ನಾನು ಮೂರು ವರ್ಷ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಆಟದಲ್ಲಿ ಹೀಲರ್ ಆಗಿದ್ದೆ. ಈಗ ನೆನೆಸ್ಕೊಂಡ್ರೆ ನನ್ನ ಗುಂಪಲ್ಲಿದ್ದೋರನ್ನ ನೋಡಿ ಪಾಪ ಅನ್ಸುತ್ತೆ.

ಗೊತ್ತಿಲ್ದೋರಿಗೆ ಹೇಳ್ತೀನಿ, ಅಲ್ಲಿ ಡಂಜನ್‌ಗೆ (ರಾಕ್ಷಸರಿರೋ ಗುಹೆ, ಕೋಟೆ ಥರದ್ದು) ಐದು ಜನ. ಏಟು ತಿನ್ನೋಕೆ ಒಬ್ಬ ಟ್ಯಾಂಕ್, ಅವನನ್ನ ಬದುಕಿಸೋಕೆ ಒಬ್ಬ ಹೀಲರ್, ಮಿಕ್ಕ ಮೂವರು ಹೊಡೆಯೋರು. ಹೊಡೆಯೋನೊಬ್ಬ ಮಾಯ ಆದ್ರೆ ಹೆಂಗೋ ನಡೆಯುತ್ತೆ, ಹೀಲರ್ ಮಾಯ ಆದ್ರೆ ಎಲ್ಲರೂ ನೆಲ ಕಚ್ಚಿದ ಹಾಗೇ. ಲ್ಯಾಪ್‌ಟಾಪಲ್ಲಿ ಬ್ಯಾಟರಿ ಇತ್ತು, ಮನೇಲಿ ಇನ್ವರ್ಟರೂ ಇತ್ತು, ಆದ್ರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡ್ಕೊಳ್ಳೋ ಆ ಒಂದು ಕ್ಷಣದಲ್ಲಿ ರೂಟರ್ ಆಫ್ ಆಗಿ ಆನ್ ಆಗೋದು, ಮತ್ತೆ ನೆಟ್ ಬರೋಕೆ ಎರಡು ಮೂರು ನಿಮಿಷ. ಮಿಥಿಕ್ ಪ್ಲಸ್ ಅನ್ನೋ ಕಷ್ಟದ ಡಂಜನ್ ಆಡುವಾಗ ಗಡಿಯಾರ ಓಡ್ತಿರುತ್ತೆ, ಟೈಮ್ ಮೀರಿದ್ರೆ ಕೀ (ಆ ಡಂಜನ್‌ಗೆ ಬೇಕಾದ ಬೀಗದ ಕೈ, ಎಷ್ಟು ಕಷ್ಟ ಅಂತ ಅದರ ಲೆವೆಲ್ ಹೇಳುತ್ತೆ) ಒಂದು ಲೆವೆಲ್ ಇಳಿಯುತ್ತೆ, ಅದೂ ನನ್ನದಲ್ಲ, ಕೀ ತಂದವನದು. ಒಂದು ರಾತ್ರಿ ಹಂಗೇ ಆಯ್ತು. ವಾಪಸ್ ಬಂದು ನೋಡಿದ್ರೆ ನಾಲ್ಕು ಹೆಣ, ಚಾಟಲ್ಲಿ ಬರೀ ಒಂದು ಪ್ರಶ್ನೆ ಚಿಹ್ನೆ. ಬೈದಿದ್ರೆ ವಾಸಿ ಇತ್ತು.

ಆಮೇಲೆ ರೂಟರ್‌ಗೆ ಅಂತಲೇ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕ್ದೆ (ನಿಮ್ಮ ರೂಟರಿನ ಅಡಾಪ್ಟರ್ ಎಷ್ಟು ವೋಲ್ಟ್ ಅಂತ ಮೊದಲು ನೋಡ್ಕೊಳ್ಳಿ). ಮಳೆ ಊರಲ್ಲಿ ಗುಂಪಲ್ಲಿ ಆಡೋರು ಗ್ರಾಫಿಕ್ಸ್ ಕಾರ್ಡಿಗಿಂತ ಮುಂಚೆ ಇದನ್ನ ತಗೋಬೇಕು. ಆದ್ರೆ ಮರ ಬಿದ್ದು ಫೈಬರೇ ತುಂಡಾದ್ರೆ ಯುಪಿಎಸ್ ಏನು ಮಾಡುತ್ತೆ. ಇನ್ನೊಂದು ತಾಪತ್ರಯ ಟೈಮಿಂದು, ನಮ್ಮ ಗಿಲ್ಡ್ (ಒಟ್ಟಿಗೆ ಆಡೋರ ಸಂಘ) ಇದ್ದಿದ್ದು ಯುರೋಪ್ ಸರ್ವರಲ್ಲಿ, ಅವರ ರಾತ್ರಿ ಎಂಟು ಗಂಟೆ ಅಂದ್ರೆ ನಮಗೆ ಅವರ ಬೇಸಿಗೇಲಿ 11.30, ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 12.30. ಅದೇ ಹೊತ್ತಿಗೆ ಇಲ್ಲಿ ಕಾಫಿ ಕುಯ್ಲು. ಬೆಳಿಗ್ಗೆ ಆಳುಗಳು ಬಂದು ನಿಂತಿರ್ತಾರೆ, ಕಣದಲ್ಲಿ ನಾನು ಕಣ್ಣು ಕೆಂಪು ಮಾಡ್ಕೊಂಡು ಆಕಳಿಸ್ತಾ ಇರ್ತೀನಿ, ಅಪ್ಪ ಏನೂ ಕೇಳ್ತಿರ್ಲಿಲ್ಲ, ಸುಮ್ನೆ ನೋಡೋರು.

ನಾಟಿ ಕಾಲದ ಮುಯ್ಯಾಳು ಲೆಕ್ಕ ಗೊತ್ತಲ್ಲ, ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ರೇಡ್ (ದೊಡ್ಡ ಗುಂಪು ಕಟ್ಕೊಂಡು ಆಡೋದು) ಕೂಡ ಪಕ್ಕಾ ಅದೇ. ಮುಯ್ಯಿ ತೀರಿಸೋಕೆ ಆಗದೇ ಇರೋನು ಬರ್ತೀನಿ ಅಂತ ಒಪ್ಕೋಬಾರ್ದು. ಬಿಟ್ಟೆ.

ಆಮೇಲೆ ಹಿಡಿದಿದ್ದು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೋ ಇನ್ನೊಂದು ಆನ್‌ಲೈನ್ ಆಟ, ಅದರಲ್ಲೂ ಐರನ್‌ಮ್ಯಾನ್ ಅನ್ನೋ ಬಗೆ. ಯಾರ ಹತ್ರನೂ ವ್ಯಾಪಾರ ಇಲ್ಲ, ಗ್ರ್ಯಾಂಡ್ ಎಕ್ಸ್‌ಚೇಂಜ್ ಸಂತೆಗೆ ಕಾಲಿಡಂಗಿಲ್ಲ, ಬೇಕಾದ್ದೆಲ್ಲ ನೀನೇ ಸಂಪಾದಿಸ್ಬೇಕು. ಈ ಆಟದ ಲೆಕ್ಕ ನಡೆಯೋದೇ 0.6 ಸೆಕೆಂಡಿಗೊಂದು ಹೆಜ್ಜೆ, ಹಾಗಾಗಿ ಮೊಬೈಲಲ್ಲಿ ಎರಡು ಕಡ್ಡಿ ಸಿಗ್ನಲ್ ಇದ್ರೂ ಸಾಕು. ಒಂದು ಪ್ರೇಯರ್ ಪೋಷನ್ (ಆಟದೊಳಗಿನ ಒಂದು ಮದ್ದು) ಬೇಕು ಅಂದ್ರೆ ಮಾಸ್ಟರ್ ಫಾರ್ಮರ್ ಅನ್ನೋ ಪಾತ್ರದ ಜೇಬು ಕತ್ತರಿಸಿ ರನಾರ್ ಅನ್ನೋ ಮೂಲಿಕೆಯ ಬೀಜ ಕದೀಬೇಕು, ಬಿತ್ತಿ 80 ನಿಮಿಷ ಕಾಯ್ಬೇಕು, ಸ್ನೇಪ್ ಗ್ರಾಸ್ ಹುಡುಕಿ ತರ್ಬೇಕು. ಗೊಬ್ಬರ ಹಾಕ್ದೆ ಇದ್ರೆ ಗಿಡಕ್ಕೆ ರೋಗ ಬಂದು ಸತ್ತೂ ಹೋಗುತ್ತೆ. ಹಗಲೆಲ್ಲ ಕೊಳೆರೋಗ ನೋಡ್ಕೊಂಡು ಬಂದು ರಾತ್ರಿ ಮೊಬೈಲಲ್ಲೂ ಅದೇ ಗೋಳಾ ಅಂತ ಹೆಂಡ್ತಿ ನಗ್ತಾಳೆ. ಆದ್ರೆ ಒಂದು ವ್ಯತ್ಯಾಸ ಇದೆ, ಅಲ್ಲಿ ಬೆಳೆ ಬಲಿತ ಮೇಲೆ ಎಷ್ಟು ದಿನ ಬಿಟ್ರೂ ಹಾಗೇ ನಿಂತಿರುತ್ತೆ. ನಮ್ಮ ಕಾಫಿ ಹಣ್ಣು ಹಂಗೆ ನಿಂತಿದ್ದಿದ್ರೆ!

ಒಬ್ಬನೇ ಅಂದ್ರೆ ಜನ ಇಲ್ಲ ಅಂತಲ್ಲ. ವಿಂಟರ್‌ಟಾಟ್ ಅಂತ ಒಂದಿದೆ, ಕೊರೆಯೋ ಚಳೀಲಿ ಎಷ್ಟೋ ಜನ ಸೇರಿ ಬೆಂಕಿ ಆರದ ಹಾಗೆ ಕಟ್ಟಿಗೆ ಹಾಕ್ತಾ ಇರೋದು, 500 ಪಾಯಿಂಟ್ ಆದ್ರೆ ನಿನ್ನ ಪಾಲು ನಿನಗೆ. ನಡುವೆ ನೆಟ್ ಹೋದ್ರೆ ಯಾರಿಗೂ ನಷ್ಟ ಇಲ್ಲ, ಯಾರೂ ಕೇಳೋದೂ ಇಲ್ಲ. ನನಗೆ ಬೇಕಿದ್ದ ಗುಂಪು ಇಂಥದ್ದು ಅಂತ ಅನ್ಸಿದ್ದು ಅಲ್ಲೇ. ಆದ್ರೂ ಆರು ತಿಂಗಳಾದ ಮೇಲೆ, ಯಾರೂ ಕೇಳೋದಿಲ್ಲ ಅನ್ನೋದೇ ಬೇಜಾರಾಗೋಕೆ ಶುರುವಾಯ್ತು.

2021ರ ಅಕ್ಟೋಬರಲ್ಲಿ ಗ್ರೂಪ್ ಐರನ್‌ಮ್ಯಾನ್ ಬಂದಿತ್ತು, ಇಬ್ಬರಿಂದ ಐದು ಜನ, ಕೊಡೋದು ತಗೊಳ್ಳೋದು ಅಷ್ಟೂ ಆ ಗುಂಪಿನೊಳಗೇ, ಎಲ್ಲರಿಗೂ ಸೇರಿ ಒಂದು ಉಗ್ರಾಣ. ವಿರಾಜಪೇಟೆ ಅತ್ತೆ ಮಗ, ಬೆಂಗಳೂರಲ್ಲಿರೋ ಇಬ್ಬರು ಸ್ನೇಹಿತರು, ನಾನು. ಮೊದಮೊದಲು ಜಗಳಾನೇ. ಬೆಂಗಳೂರಿನವರು ಶನಿವಾರ ಭಾನುವಾರ ಪೂರ್ತಿ ಆಡಿ ಆಟದಲ್ಲಿ ಎಲ್ಲೋ ಮುಂದೆ ಹೋಗ್ಬಿಟ್ರು, ನಾನು ಕಷ್ಟಪಟ್ಟು ಬೆಳೆದ ರನಾರ್ ಎಲ್ಲ ಒಂದೇ ರಾತ್ರೀಲಿ ಖಾಲಿ ಮಾಡಿದ್ರು, ಕೇಳಿದ್ರೆ 'ಗುಂಪಿಂದಲ್ವಾ' ಅಂತಾರೆ. ಎರಡು ವಾರ ಲಾಗಿನ್ನೇ ಆಗ್ಲಿಲ್ಲ ನಾನು. ಆಮೇಲೆ ಫೋನಲ್ಲಿ ಮಾತಾಡಿ ಮಾಡ್ಕೊಂಡಿದ್ದು ಇಷ್ಟೇ: ಒಟ್ಟಿಗೆ ಆಡೋದು ಭಾನುವಾರ ರಾತ್ರಿ ಮಾತ್ರ, ಯಾರು ಬರ್ಲಿಲ್ಲ ಅಂದ್ರೂ ಯಾಕೆ ಅಂತ ಕೇಳೋ ಹಾಗಿಲ್ಲ, ಉಗ್ರಾಣದಿಂದ ಅರ್ಧಕ್ಕಿಂತ ಜಾಸ್ತಿ ಎತ್ತೋದಾದ್ರೆ ಹೇಳಿ ಎತ್ತೋದು. ಮಿಕ್ಕ ದಿನ ಅವರವರ ಪಾಡಿಗೆ ಅವರವರು. ನಾನು ಗಿಡ ನೋಡ್ಕೊಳ್ಳೋನು.

ಹೋದ ಜುಲೈಲಿ ನಾಲ್ಕು ದಿನ ಕರೆಂಟಿಲ್ಲ, ಟವರೂ ಸತ್ತಿತ್ತು. ಐದನೇ ದಿನ ಸಿಗ್ನಲ್ ಬಂದ ಕೂಡಲೇ ಅತ್ತೆ ಮಗನ ಮೆಸೇಜ್: 'ಬಾವ, ಉಗ್ರಾಣದಲ್ಲಿ ನಿಮ್ಮ ಪಾಲಿನ ಪೋಷನ್ ಇಟ್ಟಿದ್ದೀನಿ, ಯಾರೂ ಮುಟ್ಟಿಲ್ಲ. ಆ ಕಡೆ ಎಷ್ಟು ಇಂಚಾಯ್ತು?'

ಮಳೆ ಮಾಪಕ ತುಂಬಿ ಚೆಲ್ಲಿದೆ, ಲೆಕ್ಕ ಸಿಕ್ಕಿಲ್ಲ ಕಣೋ ಅಂದೆ.