ಡ್ರ್ಯಾಗ್ ಓಟದ ಹಳೆಯ ಅಂಬಾಸಡರಿನಲ್ಲಿ ಎಂಜಿನ್ನನ್ನು ಹಿಂದಿನ ಆಕ್ಸಲ್‌ಗೆ ಹೊಂದಿಸುವ ಕ್ರಮ

ಹಾಸನದ ಗ್ಯಾರೇಜೊಂದರಲ್ಲಿ ಹಳೆಯ ಅಂಬಾಸಡರಿಗೆ 1817 ಸಿ.ಸಿ.ಯ ಇಸುಜು ಎಂಜಿನ್ ಕೂರಿಸಿ, 402 ಮೀಟರಿನ ಡ್ರ್ಯಾಗ್ ಓಟಕ್ಕೆ (ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಸ್ಪರ್ಧೆಗೆ) ಅಣಿಗೊಳಿಸುವವರು, ಎಂಜಿನ್ನಿನ ಕ್ರ್ಯಾಂಕ್ (ತಿರುಗುವ ಮುಖ್ಯ ದಂಡ) ಮತ್ತು ಆಕ್ಸಲ್ಲಿನ ಪಿನಿಯನ್ (ಶಾಫ್ಟಿನ ತಿರುಗುವಿಕೆಯನ್ನು ಆಕ್ಸಲ್ಲಿಗೆ ದಾಟಿಸುವ ಹಲ್ಲುಗಾಲಿ) ಒಂದೇ ಗೆರೆಯಲ್ಲಿರಬೇಕು ಎಂಬ ಎಣಿಕೆಯನ್ನು ಮೊದಲು ಬಿಡಬೇಕು. 1950ರ ದಶಕದ ಅಮೆರಿಕದ ಸ್ಲಿಂಗ್‌ಶಾಟ್ ಡ್ರ್ಯಾಗ್‌ಸ್ಟರುಗಳಲ್ಲಿ ಗೇರ್‌ಬಾಕ್ಸ್ ಇಲ್ಲದೆ, ಕ್ಲಚ್ಚಿನ ಹಿಂದೆ ಗಿಡ್ಡ ಕಪ್ಲಿಂಗ್ ಮೂಲಕವೇ ಎಂಜಿನ್ ಆಕ್ಸಲ್‌ಗೆ ಸೇರುತ್ತಿದ್ದುದರಿಂದ ಅಲ್ಲಿ ಆ ನಿಯಮ ಸಲ್ಲುತ್ತಿತ್ತು. ಎರಡು ಕ್ರಾಸ್‌ಗಳಿರುವ ಪ್ರೊಪೆಲ್ಲರ್ ಶಾಫ್ಟಿನ ಕಾರಿನಲ್ಲಿ ಬೇಕಾದದ್ದು ಸಮಾನಾಂತರ (ಕ್ರಾಸ್ ಎಂದರೆ ಓರೆಯಲ್ಲೂ ತಿರುಗುವ ಯೂನಿವರ್ಸಲ್ ಜಾಯಿಂಟ್). ಅದೂ ಕಾರು ನಿಂತಿರುವಾಗಲ್ಲ, ಪೂರ್ತಿ ಎಳೆತ ಬಿದ್ದಾಗ.

ಓರೆಯಾಗಿ ತಿರುಗುವ ಕ್ರಾಸ್ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಶಾಫ್ಟಿನ ವೇಗವನ್ನು ಏರಿಸಿ ಇಳಿಸುತ್ತದೆ. ಎರಡೂ ತುದಿಗಳ ಓರೆ ಸಮನಾಗಿದ್ದು, ಕ್ರಾಸನ್ನು ಹಿಡಿಯುವ ಕವಲುಗಳಾದ ಯೋಕ್‌ಗಳು ಒಂದೇ ನೇರದಲ್ಲಿದ್ದರೆ ಹಿಂದಿನ ಕ್ರಾಸ್ ಈ ಏರಿಳಿತವನ್ನು ರದ್ದು ಮಾಡುತ್ತದೆ. ಓರೆ ಸೊನ್ನೆಯಾದರೆ ಕ್ರಾಸಿನೊಳಗಿನ ಸೂಜಿ ರೋಲರುಗಳು ಅಲುಗಾಡದೆ ಒಂದೇ ಜಾಗವನ್ನು ಒತ್ತಿ ಗುಳಿ ಮಾಡುತ್ತವೆ. 3 ಡಿಗ್ರಿಗಿಂತ ಹೆಚ್ಚಾದರೆ ಮೇಲಿನ ವೇಗದಲ್ಲಿ ಅದುರು ಹುಟ್ಟುತ್ತದೆ. ಆದ್ದರಿಂದ 1ರಿಂದ 3 ಡಿಗ್ರಿಯೊಳಗೆ ಉಳಿಯುವುದು ಕ್ಷೇಮ.

ಅಳತೆಗೆ ಮುನ್ನ ನೆಲದ ಮಟ್ಟ ನೋಡಬೇಕು. ನಮ್ಮ ಕಡೆಯ ಗ್ಯಾರೇಜುಗಳ ನೆಲ ನೀರು ಹರಿದುಹೋಗಲೆಂದು ಇಳಿಜಾರಾಗಿರುವುದೇ ಹೆಚ್ಚು. ಗಾರೆ ಮೇಸ್ತ್ರಿಗಳ ನೀರಿನ ಕೊಳವೆಯಿಂದ ನಾಲ್ಕು ಚಕ್ರಗಳ ಜಾಗಗಳನ್ನೂ ಸಮ ಮಾಡಿಕೊಳ್ಳಬೇಕು. ಓಟಕ್ಕೆ ಬಳಸುವ ಟೈರುಗಳನ್ನೇ ಹಾಕಿ, ಚಾಲಕನ ತೂಕವನ್ನು ಸೀಟಿನ ಮೇಲಿಟ್ಟು, ಕಾರಿನ ಭಾರವೆಲ್ಲ ಸ್ಪ್ರಿಂಗುಗಳ ಮೇಲೆ ಕುಳಿತಿರುವಂತೆ ನೋಡಿಕೊಳ್ಳಬೇಕು. ಕಾರಿನ ಮೈಗೆ ಜಾಕಿ ಕೊಟ್ಟು ಆಕ್ಸಲ್ ಜೋತುಬಿದ್ದಿರುವಾಗ ತೆಗೆದ ಕೋನ ಯಾವ ಉಪಯೋಗಕ್ಕೂ ಬಾರದು.

ಮೊದಲು ಆಕ್ಸಲ್, ಆಮೇಲೆ ಎಂಜಿನ್. ಅಂಬಾಸಡರಿಗೆ ಪ್ರತ್ಯೇಕ ಚಾಸಿಸ್ ಇಲ್ಲದ ಕಾರಣ, ಹಿಂದಿನ ಪಟ್ಟಿ ಸ್ಪ್ರಿಂಗುಗಳ ಮುಂತುದಿಯ ಬೋಲ್ಟುಗಳನ್ನು ಆಧಾರವಾಗಿ ಹಿಡಿಯಬಹುದು. ಆ ಜಾಗದ ತಗಡು ತುಕ್ಕು ತಿಂದಿದ್ದರೆ ಅದನ್ನು ಸರಿಪಡಿಸದೆ ಮುಂದುವರಿಯಬಾರದು. ಎರಡೂ ಬೋಲ್ಟುಗಳಿಂದ ಆಕ್ಸಲ್‌ಗೆ ಇರುವ ದೂರವೂ ಕರ್ಣಗಳೂ ಸಮನಾದ ಮೇಲೆ, ತೂಗುಗುಂಡು ಇಳಿಬಿಟ್ಟು, ಸೀಮೆಸುಣ್ಣದ ದಾರದಿಂದ ಕಾರಿನ ನಡುಗೆರೆಯನ್ನು ನೆಲದ ಮೇಲೆ ಹೊಡೆಯಬೇಕು.

ಬಳಿಕ ಕ್ರ್ಯಾಂಕ್ ಪುಲ್ಲಿಯ ನಡು ಮತ್ತು ಗೇರ್‌ಬಾಕ್ಸಿನ ಹಿಂತುದಿಯ ನಡು, ಈ ಎರಡು ಬಿಂದುಗಳಿಂದ ಗುಂಡು ಇಳಿಸಿ ನಡುಗೆರೆಗಿರುವ ದೂರವನ್ನು ಅಳೆಯಬೇಕು. ಎರಡೂ ದೂರಗಳು ಒಂದೇ ಆಗಿದ್ದರೆ, ಸ್ಟೀರಿಂಗ್ ಕಂಬಕ್ಕೆ ಜಾಗ ಬೇಕೆಂದು ಎಂಜಿನ್ ತುಸು ಎಡಕ್ಕೆ ಸರಿದಿದ್ದರೂ ತೊಂದರೆಯಿಲ್ಲ. ಪಿನಿಯನ್ನಿಗೂ ಎಂಜಿನ್ನಿಗೂ 25 ಮಿ.ಮೀ. ಪಕ್ಕಸರಿತವಿದ್ದು ಶಾಫ್ಟ್ 1200 ಮಿ.ಮೀ. ಉದ್ದವಿದ್ದರೆ ಅದರಿಂದ ಬರುವ ಓರೆ ಸುಮಾರು 1.2 ಡಿಗ್ರಿ, ಮೇಲುಕೆಳಗಿನ ಓರೆ 2 ಡಿಗ್ರಿಯಿದ್ದರೆ, ಅವು ಒಂದಕ್ಕೊಂದು ಲಂಬವಾಗಿರುವುದರಿಂದ, ಎರಡೂ ಸೇರಿ 2.3 ಆಗುತ್ತದೆಯೇ ಹೊರತು 3.2 ಅಲ್ಲ.

ನಿಜವಾದ ಕಷ್ಟ ಪಕ್ಕದ ನೋಟದಲ್ಲಿದೆ. ಕ್ರ್ಯಾಂಕ್ ಹಿಂದಕ್ಕೆ 3 ಡಿಗ್ರಿ ಇಳಿದಿದ್ದರೆ ಪಿನಿಯನ್ನಿನ ಮೂತಿ 3 ಡಿಗ್ರಿ ಮೇಲೆದ್ದಾಗ ಎರಡೂ ಸಮಾನಾಂತರವಾಗುತ್ತವೆ. ಆದರೆ ಕ್ಲಚ್ ಬಿಟ್ಟ ಕ್ಷಣದಲ್ಲಿ ಚಕ್ರಗಳ ಎಳೆತಕ್ಕೆ ಪ್ರತಿಯಾಗಿ ಆಕ್ಸಲ್ ಹಿಂದಕ್ಕೆ ತಿರುಚಿಕೊಂಡು ಪಟ್ಟಿ ಸ್ಪ್ರಿಂಗುಗಳನ್ನು ಬಾಗಿಸುತ್ತದೆ, ಮೂತಿ ಮೇಲಕ್ಕೇಳುತ್ತದೆ. ಈ ಏಳಿಕೆ 5 ಡಿಗ್ರಿಯಾದರೆ, ನಿಂತ ಕಾರಿನಲ್ಲಿ ಮೂತಿ ಮಟ್ಟಕ್ಕಿಂತ 2 ಡಿಗ್ರಿ ಕೆಳಗಿರಬೇಕು. ಬರಿಯ ಪಟ್ಟಿ ಸ್ಪ್ರಿಂಗಿಗೆ 5ರಿಂದ 7 ಡಿಗ್ರಿ, ಲ್ಯಾಡರ್ ಬಾರ್ (ಆಕ್ಸಲ್ ತಿರುಚಿಕೊಳ್ಳದಂತೆ ತಡೆಯುವ ಸರಳು) ಹಾಕಿದ್ದರೆ 1ರಿಂದ 2 ಡಿಗ್ರಿಯಷ್ಟು ಮೂತಿಯನ್ನು ಮುಂಗಡವಾಗಿ ತಗ್ಗಿಸಿಡುವುದು ರೂಢಿ. ಸ್ಪ್ರಿಂಗ್ ಹಳೆಯದಾದಷ್ಟೂ ಈ ಅಂದಾಜು ಸಡಿಲವಾಗುವುದರಿಂದ, ಕಾರಿನಡಿಯಲ್ಲಿ ಕ್ಯಾಮೆರಾ ಬಿಗಿದು, ಕಾರು ಹೊರಡುವಾಗಿನ ದೃಶ್ಯ ಹಿಡಿದು ನೋಡುವುದು ನನಗೆ ಹೆಚ್ಚು ನಂಬಿಕೆಯ ದಾರಿ. ಆ ಪರೀಕ್ಷೆಗೆ ಮುಚ್ಚಿದ ಟ್ರ್ಯಾಕ್ ಬೇಕು. ರಾಷ್ಟ್ರೀಯ ಹೆದ್ದಾರಿ 75 ಅದಕ್ಕಲ್ಲ.

ಕೋನ ತಿದ್ದಲು ಆಕ್ಸಲ್‌ಗೂ ಸ್ಪ್ರಿಂಗಿಗೂ ನಡುವೆ ಉಕ್ಕಿನ ಓರೆಪಟ್ಟಿ ಕೊಟ್ಟು ಯು ಬೋಲ್ಟ್ ಬಿಗಿದರೆ ಸಾಕು. ಆಕ್ಸಲ್ಲಿನ ಮೇಲಿನ ಸ್ಪ್ರಿಂಗ್ ಗದ್ದಿಗೆಗಳನ್ನೇ ಕತ್ತರಿಸಿ ಮತ್ತೆ ಬೆಸೆಯುವುದಾದರೆ, ಶಾಖಕ್ಕೆ ಆಕ್ಸಲ್ಲಿನ ಕೊಳವೆ ಬಾಗದಂತೆ ಎರಡೂ ಬದಿ ಅದಲುಬದಲಾಗಿ ಸ್ವಲ್ಪ ಸ್ವಲ್ಪವೇ ವೆಲ್ಡಿಂಗ್ ಮಾಡಿಸಬೇಕು. ಎಂಜಿನ್ ಮೌಂಟಿಂಗುಗಳನ್ನು ಕೋನ ಖಚಿತವಾಗುವವರೆಗೆ ಬರಿಯ ಚುಕ್ಕೆ ಬೆಸುಗೆಯಲ್ಲೇ ಇಟ್ಟಿರಬೇಕು.

ಗೇರ್‌ಬಾಕ್ಸ್ ಬೇರೆ ಕಾರಿನದಾಗಿದ್ದು ನಡುವಿನ ಅಡಾಪ್ಟರ್ ಪ್ಲೇಟನ್ನು ಲೇತ್‌ನಲ್ಲಿ ಮಾಡಿಸಿದ್ದರೆ ಇನ್ನೊಂದು ಪರೀಕ್ಷೆ ಉಳಿದಿದೆ. ಫ್ಲೈವೀಲಿಗೆ ಡಯಲ್ ಗೇಜ್ (ಸೂಕ್ಷ್ಮ ಅಂತರ ತೋರಿಸುವ ಮುಳ್ಳಿನ ಮಾಪಕ) ಕಟ್ಟಿ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿದಾಗ, ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ ಕವಚದ) ರಂಧ್ರದ ಸುತ್ತ ಮುಳ್ಳಿನ ಒಟ್ಟು ಓಡಾಟ 0.13 ಮಿ.ಮೀ. ಮೀರಬಾರದು. ಮೀರಿದರೆ ಕ್ಲಚ್ ಪ್ಲೇಟೂ ಇನ್‌ಪುಟ್ ಶಾಫ್ಟಿನ ಬೇರಿಂಗೂ ಹಾಳಾಗುತ್ತವೆ, ಹಿಂದಿನ ಹೊಂದಾಣಿಕೆ ಎಷ್ಟೇ ಚೊಕ್ಕವಾಗಿದ್ದರೂ.

ಶಾಫ್ಟನ್ನು ಕೊನೆಗೆ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಶಾಫ್ಟಿನ ಜಾರುವ ಮುಂತುದಿಯಾದ ಸ್ಲಿಪ್ ಯೋಕ್ ಗೇರ್‌ಬಾಕ್ಸಿನೊಳಗೆ ಪೂರ್ತಿ ತಾಗುವ ಮುನ್ನ 20ರಿಂದ 25 ಮಿ.ಮೀ. ಜಾಗ ಉಳಿದಿರಲಿ. ಮುಂದಿನ ಕ್ರಾಸಿನಿಂದ 150 ಮಿ.ಮೀ. ಒಳಗೆ, ಕನಿಷ್ಠ 6 ಮಿ.ಮೀ. ದಪ್ಪ, 50 ಮಿ.ಮೀ. ಅಗಲದ ಉಕ್ಕಿನ ಬಳೆಯೊಂದನ್ನು ಶಾಫ್ಟಿನ ಸುತ್ತ ಕಾರಿನ ಮೈಗೆ ಬಿಗಿಯದೆ ಕಾರನ್ನು ಓಡಿಸಬಾರದು. ಕ್ರಾಸ್ ಮುರಿದಾಗ ಶಾಫ್ಟಿನ ಮುಂತುದಿ ನೆಲಕ್ಕೆ ಚುಚ್ಚಿ ಕಾರನ್ನು ಎತ್ತಿಹಾಕದಂತೆ ತಡೆಯುವುದು ಅದೊಂದೇ.