ಮಣ್ಣಿನ ಟ್ರ್ಯಾಕಿಗೆ ಎಂಜಿನ್ ಕಟ್ಟಿದ ಕತೆ

ಮಿಡ್ಜೆಟ್ ಅನ್ನುವ ಪುಟ್ಟ ರೇಸ್ ಕಾರಿಗೆ ನಾನು ಕಟ್ಟಿದ ಮೊದಲ ಎಂಜಿನ್ ಫೀಚರ್‌ನಲ್ಲಿ, ಅಂದರೆ ರಾತ್ರಿಯ ಮುಖ್ಯ ರೇಸಿನಲ್ಲಿ, ಹನ್ನೊಂದು ಲ್ಯಾಪ್ ಓಡಿತು. ಹನ್ನೆರಡನೆಯದರಲ್ಲಿ ಮೂರನೇ ಪಿಸ್ಟನ್ ಕರಗಿ ತೂತಾಯಿತು. ಎರಡನೇ ಎಂಜಿನ್ ಒಡೆಯಲಿಲ್ಲ. ಆದರೆ ಅದನ್ನು ಕೂರಿಸಿದ ಮೇಲೆ ಕಾರು ಮೊದಲಿಗಿಂತ ನಿಧಾನವಾಯಿತು. ಡೈನೊ (ಎಂಜಿನ್ ಪವರ್ ಅಳೆಯುವ ಯಂತ್ರ) ಮೇಲೆ ಪವರ್ ಜಾಸ್ತಿ, ಟ್ರ್ಯಾಕ್ ಮೇಲೆ ಸ್ಪೀಡ್ ಕಡಿಮೆ. ಇದು ಹೇಗೆ ಅಂತ ತಲೆಗೆ ಹೋಗಲು ಒಂದು ಇಡೀ ಬೇಸಿಗೆ ಹಿಡಿಯಿತು.

ನಾನು ಸಕಲೇಶಪುರದ ಕಡೆಯವನು. ಅಮೆರಿಕದ ಇಂಡಿಯಾನಾದಲ್ಲಿ ಡೀಸೆಲ್ ಎಂಜಿನ್ ಕೆಲಸ. ವಾರವೆಲ್ಲ ಲಾರಿ ಎಂಜಿನ್‌ಗಳ ಗ್ರಾಫ್ ನೋಡುವುದೇ ಆಯಿತು. ಒಂದು ಜೂನ್‌ನಲ್ಲಿ ಆಫೀಸಿನ ಗೆಳೆಯರೊಬ್ಬರು ಕೊಕೊಮೊ ಅನ್ನುವ ಊರಿನ ಟ್ರ್ಯಾಕಿಗೆ ಕರೆದುಕೊಂಡು ಹೋದರು. ಆಗ ಇಂಡಿಯಾನಾ ಮಿಡ್ಜೆಟ್ ವೀಕ್ ನಡೆಯುತ್ತಿತ್ತು. ರಾತ್ರಿಗೊಂದು ಊರು, ಊರಿಗೊಂದು ರೇಸು. ನಮ್ಮ ಯಕ್ಷಗಾನ ಮೇಳದ ತಿರುಗಾಟದ ಹಾಗೆ. ಕಾಲು ಮೈಲಿ ಸುತ್ತಿನ ಜೇಡಿಮಣ್ಣಿನ ಟ್ರ್ಯಾಕು. ಬೇಲಿ ಹತ್ತಿರ ಕೂತಿದ್ದೆವು. ಮೊದಲ ರೇಸ್ ಮುಗಿಯುವಷ್ಟರಲ್ಲಿ ನನ್ನ ಪಾಪ್‌ಕಾರ್ನ್ ಮೇಲೆ ಒಂದು ಪದರ ಮಣ್ಣು.

ಕಾರು ಅಂದೆ, ಆದರೆ ನೋಡಿದರೆ ಕಾರು ಅನಿಸುವುದಿಲ್ಲ. ಪೈಪಿನ ಪಂಜರದೊಳಗೆ ಒಂದು ಸೀಟು, ಒಂದು ನಾಲ್ಕು ಸಿಲಿಂಡರ್ ಎಂಜಿನ್. ಡ್ರೈವರ್ ಬಿಟ್ಟರೆ 400 ಕಿಲೋ ಚಿಲ್ಲರೆ, ಅಂದರೆ ಒಂದು ಒಳ್ಳೇ ಎಮ್ಮೆಯ ತೂಕ. ಪವರ್ ಮಾತ್ರ 350ರಿಂದ 400 ಎಚ್‌ಪಿ. ನಮ್ಮ ಸ್ವಿಫ್ಟ್‌ಗೆ ಇರುವುದರ ನಾಲ್ಕು ಪಟ್ಟು, ಅದರ ಅರ್ಧಕ್ಕಿಂತ ಕಡಿಮೆ ತೂಕದಲ್ಲಿ.

ಸ್ಟಾರ್ಟರ್ ಇಲ್ಲ, ಕ್ಲಚ್ ಇಲ್ಲ, ಗೇರ್ ಬಾಕ್ಸ್ ಇಲ್ಲ. ಹಿಂದಿನಿಂದ ಒಂದು ಗಾಡಿ ಮೂಗು ತಾಗಿಸಿ ತಳ್ಳಬೇಕು. ಚಕ್ರ ತಿರುಗಿದಂತೆ ಎಂಜಿನ್ ತಿರುಗುತ್ತದೆ. ಡ್ರೈವರ್ ಆಯಿಲ್ ಪ್ರೆಶರ್ ಮುಳ್ಳನ್ನೇ ನೋಡುತ್ತಿರುತ್ತಾನೆ. ಮುಳ್ಳು ಮೇಲೇರಿದ ಮೇಲೆಯೇ ಮ್ಯಾಗ್ನೆಟೊ ಸ್ವಿಚ್ ಹಾಕುವುದು. ಅಲ್ಲಿಯವರೆಗೆ ಕಿಡಿ ಕೊಡುವ ಹಾಗಿಲ್ಲ, ಕೊಟ್ಟರೆ ಎಣ್ಣೆ ಕಾಣದ ಬೇರಿಂಗ್‌ಗಳ ಕತೆ ಮುಗಿಯಿತು. ಇದನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. "ತಳ್ಳಿ ಸ್ಟಾರ್ಟ್ ಮಾಡೋ ಗಾಡಿ ನೋಡಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತೇನೋ? ನಮ್ಮ ಅಂಬಾಸಿಡರ್ ಮನೇಲೇ ಇತ್ತಲ್ಲ" ಅಂದರು.

ಆ ರಾತ್ರಿ ಪಿಟ್‌ನಲ್ಲಿ, ಅಂದರೆ ಕಾರುಗಳನ್ನು ಸಜ್ಜು ಮಾಡುವ ಜಾಗದಲ್ಲಿ, ಒಬ್ಬ ಅಜ್ಜನ ಪರಿಚಯವಾಯಿತು. ಜೋಳ, ಸೋಯಾ ಬೆಳೆಯುವ ರೈತ. ಹತ್ತೊಂಬತ್ತು ವರ್ಷದ ಮೊಮ್ಮಗ ಡ್ರೈವರ್. ಒಂದೇ ಕಾರು, ಎರಡು ಹಳೇ ಎಂಜಿನ್. "ಎಂಜಿನ್ ಕೆಲಸ ಗೊತ್ತಾ?" ಅಂತ ಕೇಳಿದರು. ಗೊತ್ತು ಅಂದೆ. ಆ ಮಾತು ಎಷ್ಟು ದೊಡ್ಡ ಸುಳ್ಳು ಅಂತ ನನಗೂ ಗೊತ್ತಿರಲಿಲ್ಲ.

ಈ ಕಾರುಗಳ ರೇಸು ಅಮೆರಿಕದಲ್ಲಿ 1930ರ ದಶಕದಿಂದ ನಡೆಯುತ್ತಿದೆ. ಎಂಜಿನ್ ವಿಷಯದಲ್ಲಿ ಇವರು ಮಾಡದ ಕಸರತ್ತಿಲ್ಲ. ಮೊದಮೊದಲು ಆಫೆನ್‌ಹೌಸರ್ ಎಂಜಿನ್‌ನದ್ದೇ ದರ್ಬಾರು. ಆಮೇಲೆ ಬೀಟಲ್ ಕಾರಿನ ಫೋಕ್ಸ್‌ವ್ಯಾಗನ್ ಎಂಜಿನ್ ಹಾಕಿದರು. ಷೆವ್ರೊಲೆ ವಿ8 ಅನ್ನು ಅರ್ಧ ಮಾಡಿ ನಾಲ್ಕು ಸಿಲಿಂಡರ್ ಮಾಡಿಕೊಂಡವರೂ ಇದ್ದರು. ಈಗ ಮುಂದಿರುವ ತಂಡಗಳದ್ದು ರೇಸಿಗೆಂದೇ ಮಾಡಿದ ಎಂಜಿನ್‌ಗಳು, ಟೊಯೋಟಾ ಹೆಸರಿನವೂ ಅದರಲ್ಲಿವೆ. ಅಂಥ ಒಂದಕ್ಕೆ ಕೊಡುವ ದುಡ್ಡಿನಲ್ಲಿ ಊರಿನಲ್ಲಿ ಸೈಟ್ ತೆಗೆದುಕೊಳ್ಳಬಹುದು. ನಮ್ಮದು ಫೋರ್ಡ್ ಮೂಲದ ಹಳೇ ಎಂಜಿನ್. ಅಜ್ಜ ಅದನ್ನು ಬಿಚ್ಚಿದ ಸ್ಥಿತಿಯಲ್ಲೇ ನನ್ನ ಕೈಗೆ ಕೊಟ್ಟರು. ಎರಡು ಪ್ಲಾಸ್ಟಿಕ್ ಬುಟ್ಟಿ ತುಂಬಾ ಸಾಮಾನು.

ಕಟ್ಟುವುದು ಕಷ್ಟವಾಗಲಿಲ್ಲ. ಬೇರಿಂಗ್ ಕ್ಲಿಯರೆನ್ಸ್, ರಿಂಗ್ ಗ್ಯಾಪ್, ಟಪೆಟ್ ಸೆಟ್ಟಿಂಗ್ ಎಲ್ಲ ಕಡೆ ಒಂದೇ. ಪುಸ್ತಕ ನೋಡಿಕೊಂಡು, ನಿಧಾನಕ್ಕೆ, ಕೈ ಚೊಕ್ಕಟವಾಗಿಟ್ಟುಕೊಂಡು ಮಾಡಿದರೆ ಆಗುತ್ತದೆ. ನಾನು ಜಾರಿದ್ದು ಇಂಧನದಲ್ಲಿ.

ಇವು ಓಡುವುದು ಮೆಥನಾಲ್ ಮೇಲೆ. ಪೆಟ್ರೋಲ್ ಎಂಜಿನ್‌ಗೆ ಒಂದು ಪಾಲು ಇಂಧನಕ್ಕೆ 14.7 ಪಾಲು ಗಾಳಿ ಬೇಕು. ಮೆಥನಾಲ್‌ಗೆ 6.4 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಇಂಧನ ಸುರಿಯಬೇಕು. ಇದರಲ್ಲಿ ಲಾಭವೂ ಇದೆ. ಅದು ಆವಿಯಾಗುವಾಗ ಒಳಗಿನ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಹಾಗಾಗಿ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತುವ ಪಟ್ಟು, 14, 15ರವರೆಗೆ ಏರಿಸಿದರೂ ಎಂಜಿನ್ ತಡೆದುಕೊಳ್ಳುತ್ತದೆ. ಇಂಧನ ಕಡಿಮೆಯಾದರೆ ಮಾತ್ರ ಆ ತಂಪೂ ಹೋಯಿತು.

ಇಂಧನದ ಅಳತೆ ನೋಡಿಕೊಳ್ಳಲು ಕಂಪ್ಯೂಟರ್ ಇಲ್ಲ. ಪಂಪು ಬೇಕಾದ್ದಕ್ಕಿಂತ ಜಾಸ್ತಿಯೇ ತಳ್ಳುತ್ತದೆ. ಮಿಕ್ಕಿದ್ದು ಒಂದು ಸಣ್ಣ ತೂತಿನ ಮೂಲಕ ಟ್ಯಾಂಕಿಗೆ ವಾಪಸ್. ಆ ತೂತಿರುವ ಹಿತ್ತಾಳೆ ಬಿಲ್ಲೆಗೆ ಇವರು ಕರೆಯುವುದು ಪಿಲ್ ಅಂತ. ಮಾತ್ರೆಯಷ್ಟೇ ದೊಡ್ಡದು. ಅದರ ಮೇಲಿನ ನಂಬರು ತೂತಿನ ಅಗಲ, ಇಂಚಿನ ಸಾವಿರದ ಲೆಕ್ಕದಲ್ಲಿ. ತೂತು ದೊಡ್ಡದಾದಷ್ಟೂ ವಾಪಸ್ ಹೋಗುವುದು ಜಾಸ್ತಿ, ಎಂಜಿನ್‌ಗೆ ಸಿಗುವುದು ಕಡಿಮೆ. ಹೊಸಬರಿಗೆ ಇದು ಉಲ್ಟಾ ಅನಿಸುತ್ತದೆ. ನನಗೆ ಇದು ಗೊತ್ತಿತ್ತು, ಆದರೂ ದುರಾಸೆಗೆ ಬಿದ್ದೆ.

ಸಂಜೆ ಪ್ರಾಕ್ಟೀಸಿನಲ್ಲಿ ಎಂಜಿನ್ ಸ್ವಲ್ಪ ಮಂಕಾಗಿದೆ ಅನಿಸಿತು. ಫೀಚರ್‌ಗೆ ಮುಂಚೆ ಎರಡು ಸೈಜ್ ದೊಡ್ಡ ಪಿಲ್ ಹಾಕಿದೆ. ಅಷ್ಟರಲ್ಲಿ ಕತ್ತಲಾಗಿ ಗಾಳಿ ತಣ್ಣಗಾಗಿತ್ತು. ತಣ್ಣನೆ ಗಾಳಿ ಸಾಂದ್ರ, ಅದಕ್ಕೆ ಇಂಧನ ಇನ್ನೂ ಜಾಸ್ತಿ ಬೇಕು. ನಾನು ಮಾಡಿದ್ದು ಅದರ ತದ್ವಿರುದ್ಧ. ಹುಡುಗ ಎಂಟನೇ ಜಾಗದಿಂದ ಹೊರಟು ನಾಲ್ಕಕ್ಕೆ ಬಂದ. ಸದ್ದು ಕೂಡ ಬದಲಾಗಿತ್ತು, ಗರಿಗರಿ. ನಾನು ಬೇಲಿ ಹಿಡಿದು ಕುಣಿಯುತ್ತಿದ್ದೆ. ಅಜ್ಜ ಕುಣಿಯಲಿಲ್ಲ. ಅವರಿಗೆ ಆ ಸದ್ದು ಗೊತ್ತಿತ್ತು. ಆಮೇಲೆ ಬಿಳೀ ಹೊಗೆ.

"ಕೊನೇ ಎರಡು ಲ್ಯಾಪ್ ಎಂಥಾ ಪಿಕಪ್ ಇತ್ತು ಗೊತ್ತಾ!" ಅಂದ ಹುಡುಗ, ಹೆಲ್ಮೆಟ್ ತೆಗೆಯುತ್ತಾ. ಆರುವ ಮುಂಚೆ ದೀಪ ಜೋರಾಗಿ ಉರಿಯುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದರಲ್ಲ, ಅದೇ. ಹೆಡ್ ಇಳಿಸಿ ನೋಡಿದರೆ ಪಿಸ್ಟನ್ ಮಧ್ಯೆ ಕಿರುಬೆರಳು ತೂರುವಷ್ಟು ತೂತು, ಅಂಚೆಲ್ಲ ಮೇಣದ ಹಾಗೆ ಇಳಿದಿತ್ತು. ಅಜ್ಜ ಬೈಯಲಿಲ್ಲ. ಆ ಪಿಸ್ಟನ್ನನ್ನು ತೊಳೆದು ನನ್ನ ಟೂಲ್ ಬಾಕ್ಸ್ ಮೇಲೆ ಇಟ್ಟು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಮೆಥನಾಲ್ ಬಗ್ಗೆ ಇನ್ನೊಂದು ವಿಷಯ. ಅದರ ಉರಿ ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ, ಹಗಲಲ್ಲಂತೂ ಇಲ್ಲವೇ ಇಲ್ಲ. ಇಂಧನ ತುಂಬುವಾಗ ಪಕ್ಕದಲ್ಲಿ ನೀರಿನ ಬಕೆಟ್ ಇರಲೇಬೇಕು, ಇದು ನೀರಿಗೆ ಆರುತ್ತದೆ. ನನಗೆ ಇದನ್ನು ಹೇಳಿಕೊಡುವಾಗ ಅಜ್ಜ ಮೆಲ್ ಕೆನ್ಯನ್ ಅನ್ನುವ ರೇಸ್ ಡ್ರೈವರ್ ಕತೆ ಹೇಳಿದರು. 1965ರಲ್ಲಿ ಲ್ಯಾಂಗ್‌ಹಾರ್ನ್ ಟ್ರ್ಯಾಕಿನಲ್ಲಿ ಸುಟ್ಟು ಅವರ ಎಡಗೈ ಬೆರಳುಗಳು ಹೋದವು. ಅಪ್ಪ, ಸೋದರ ಸೇರಿ ಒಂದು ಕೈಗವಸು ಮಾಡಿಕೊಟ್ಟರು. ಅದು ಸ್ಟೀರಿಂಗ್ ಮೇಲಿನ ಒಂದು ಗೂಟಕ್ಕೆ ಸಿಕ್ಕಿಕೊಳ್ಳುವ ಹಾಗೆ ಇತ್ತು. ಅದನ್ನು ಹಾಕಿಕೊಂಡು 1968ರ ಇಂಡಿ 500 ಅನ್ನುವ ದೊಡ್ಡ ರೇಸಿನಲ್ಲಿ ಮೂರನೆಯವರಾದರು. ಮಿಡ್ಜೆಟ್‌ನಲ್ಲಿ ಒಟ್ಟು ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್. ಕಾರೂ ಮನೆಯವರೇ ಕಟ್ಟುತ್ತಿದ್ದರು. ಓಡಿಸುವವನೂ ಕಟ್ಟುವವನೂ ಒಂದೇ ಮನೆಯಲ್ಲಿದ್ದರೆ ಎಷ್ಟು ಚೆಂದ ಅಂತ ಆಗ ಸುಮ್ನೆ ಅಂದುಕೊಂಡಿದ್ದೆ.

ಎರಡನೇ ಎಂಜಿನ್‌ಗೆ ಚಳಿಗಾಲ ಪೂರ್ತಿ ಕೂತೆ. ಗಾಳಿ ಹೋಗಿಬರುವ ಪೋರ್ಟ್‌ಗಳನ್ನು ಕೈಯಾರೆ ಉಜ್ಜಿದೆ. ವಾಲ್ವ್ ತೆರೆಯುವ ಕ್ಯಾಮ್ ಬದಲಾಯಿಸಿದೆ. ಗಾಳಿ ಎಳೆಯುವ ಕೊಳವೆಗಳನ್ನು ಗಿಡ್ಡ ಮಾಡಿದೆ, ಮೇಲಿನ ಆರ್‌ಪಿಎಂನಲ್ಲಿ ಪವರ್ ಬರಲಿ ಅಂತ. ಡೈನೊ ಮೇಲೆ 22 ಎಚ್‌ಪಿ ಜಾಸ್ತಿ ಬಂತು. ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ, ಮಗನ ಮಾರ್ಕ್ಸ್ ಕಾರ್ಡ್ ಥರ.

ಫೀಚರ್‌ಗೆ ಮುಂಚಿನ ಚಿಕ್ಕ ಹೀಟ್ ರೇಸಿನಲ್ಲಿ ಹುಡುಗ ಪರವಾಗಿಲ್ಲ. ಫೀಚರ್‌ನಲ್ಲಿ ಹಿಂದೆ ಬಿದ್ದ. ಮಾರನೇ ವಾರವೂ ಅದೇ ಕತೆ. "ಏನಾಗ್ತಿದೆ ಹೇಳು" ಅಂದರೆ ಹುಡುಗ ಭುಜ ಕುಣಿಸಿ, "ನಿಮ್ಮ ಎಂಜಿನ್ ಸುಮ್ಮನೇ ಇರುತ್ತೆ, ಇದ್ದಕ್ಕಿದ್ದ ಹಾಗೆ ಒದೆಯುತ್ತೆ" ಅಂದ. ನಾನು ಜೇಬಿನ ಕಾಗದ ತೋರಿಸಿದೆ. ಅವನು ಅದನ್ನು ನೋಡಲೇ ಇಲ್ಲ.

ವಿಷಯ ಮಣ್ಣಿನದು. ಸಂಜೆ ಟ್ರ್ಯಾಕಿಗೆ ನೀರು ಬಿಟ್ಟಿರುತ್ತಾರೆ. ಹಸಿ ಜೇಡಿ ಟೈರನ್ನು ಹಿಡಿದುಕೊಳ್ಳುತ್ತದೆ, ಎಷ್ಟು ಪವರ್ ಇದ್ದರೂ ನುಂಗುತ್ತದೆ. ಫೀಚರ್ ಹೊತ್ತಿಗೆ ತೇವ ಆರಿ ನೆಲ ರೆಡ್ ಆಕ್ಸೈಡ್ ಬಳಿದ ಹಾಗೆ ಮಿರುಗುತ್ತಿರುತ್ತದೆ. ಸಡಿಲ ಮಣ್ಣೆಲ್ಲ ಹೊರಗೋಡೆಯ ಕಡೆ ಒಂದು ದಿಬ್ಬವಾಗಿ ಕೂತಿರುತ್ತದೆ. ಹಿಡಿತ ಸಿಗುವುದು ಅಲ್ಲಿ ಮಾತ್ರ. ಕೆಳಗೆ ನುಣುಪಿನಲ್ಲಿ ಓಡಿಸುವವನು ಕಾಲನ್ನು ಬಾಣಂತಿ ಮಲಗಿರುವ ಕೋಣೆಯಲ್ಲಿ ನಡೆಯುವ ಹಾಗೆ ಇಡಬೇಕು. ನಾನು ಪವರನ್ನೆಲ್ಲ ಮೇಲಕ್ಕೆ ಕೊಂಡೊಯ್ದು ಗುಡ್ಡೆ ಹಾಕಿದ್ದೆ. ಚಕ್ರ ಸ್ವಲ್ಪ ಜಾರಿದರೆ ಆರ್‌ಪಿಎಂ ಏರುತ್ತದೆ, ಏರಿದರೆ ಪವರ್ ನುಗ್ಗುತ್ತದೆ, ನುಗ್ಗಿದರೆ ಇನ್ನೂ ಜಾರುತ್ತದೆ. ಡೈನೊ ಮೇಲೆ ಚಕ್ರ ಜಾರುವುದೇ ಇಲ್ಲವಲ್ಲ!

ಕ್ಯಾಮ್ ಬದಲಾಯಿಸಲು ದುಡ್ಡಿರಲಿಲ್ಲ. ಕೊಳವೆಗಳನ್ನು ಮತ್ತೆ ಉದ್ದ ಮಾಡಿದೆ. ನೆಲ ನುಣುಪಾದ ರಾತ್ರಿ ಮ್ಯಾಗ್ನೆಟೊ ತಿರುಗಿಸಿ ಕಿಡಿಯ ಟೈಮಿಂಗ್ ಎರಡು ಡಿಗ್ರಿ ತಡ ಮಾಡುವುದನ್ನು ಅಜ್ಜ ತೋರಿಸಿಕೊಟ್ಟರು. ಆದರೆ ನಿಜವಾಗಿ ಕೈ ಹಿಡಿದದ್ದು ಪೆಡಲ್. ಒಂದು ಸಂಜೆ ಹುಡುಗನನ್ನು ಶೆಡ್ಡಿನಲ್ಲಿ ಕಾರಿನೊಳಗೆ ಕೂರಿಸಿದೆ. "ಟ್ರ್ಯಾಕ್ ಮೇಲೆ ಒತ್ತುವ ಹಾಗೇ ಒತ್ತು" ಅಂದೆ. ಅವನು ಒತ್ತಿದ್ದು ಬೆರಳಷ್ಟು. ಅಷ್ಟಕ್ಕೇ ಗಾಳಿ ಬಿಡುವ ಥ್ರಾಟಲ್ ಪ್ಲೇಟ್ ಹತ್ತತ್ತಿರ ಅರ್ಧ ತೆರೆದಿತ್ತು. ಪಾಪ, ರೇಸ್ ಪೂರ್ತಿ ಅವನು ಆ ಬೆರಳಗಲದಲ್ಲೇ ಒದ್ದಾಡುತ್ತಿದ್ದ.

ಪೆಡಲ್‌ನಿಂದ ಬರುವ ಸರಳು ಥ್ರಾಟಲ್ ಶಾಫ್ಟಿನ ಒಂದು ಸಣ್ಣ ತೋಳಿಗೆ ಕೂರುತ್ತದೆ. ಅದರಲ್ಲಿ ಎರಡು ತೂತಿದ್ದವು. ನಾನು ಹೊರತುದಿಯ ಕಡೆ ಇನ್ನೆರಡು ಕೊರೆದೆ. ಸರಳನ್ನು ಹೊರಗಿನ ತೂತಿಗೆ ಹಾಕಿದರೆ ಅಷ್ಟೇ ಪೆಡಲ್‌ಗೆ ಥ್ರಾಟಲ್ ಕಡಿಮೆ ತೆರೆಯುತ್ತದೆ. ಪೂರ್ತಿ ತೆರೆಯಲಿ ಅಂತ ಪೆಡಲ್ ಸ್ಟಾಪನ್ನು ಅಷ್ಟು ಹಿಂದೆ ಸರಿಸಿದೆ. ಇಂಧನ ಬಿಡುವ ಬ್ಯಾರೆಲ್ ವಾಲ್ವ್ ಕಡೆಯ ಲಿಂಕ್ ಮುಟ್ಟಲಿಲ್ಲ, ಪಿಸ್ಟನ್ ಇನ್ನೂ ಟೂಲ್ ಬಾಕ್ಸ್ ಮೇಲೇ ಇತ್ತು. ಒಟ್ಟು ಮುಕ್ಕಾಲು ಗಂಟೆ ಕೆಲಸ. ಖರ್ಚು ಒಂದು ಡ್ರಿಲ್ ಬಿಟ್.

ಆ ಶನಿವಾರ ಹುಡುಗ ಮೂರನೆಯವನಾಗಿ ಬಂದ. 22 ಎಚ್‌ಪಿ ಹುಡುಕಲು ಚಳಿಗಾಲವಿಡೀ ಕೂತಿದ್ದು ನೆನಪಾಗಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆಮೇಲಿಂದ ರೇಸ್ ಮುಗಿದ ಮಾರನೇ ದಿನ ಅವನೂ ಶೆಡ್ಡಿಗೆ ಬರುತ್ತಾನೆ. ಮೊದಲು ಮೆಥನಾಲ್ ಪೂರ್ತಿ ಬಸಿದು ಪಂಪಿಗೆ ಎಣ್ಣೆ ಹಾಯಿಸುತ್ತೇವೆ, ಬಿಟ್ಟರೆ ಅಲ್ಯೂಮಿನಿಯಂ ತಿನ್ನುತ್ತದೆ. ಆಯಿಲ್ ಇಳಿಸಿದರೆ ಕಾಫಿಗೆ ಹಾಲು ಬೆರೆಸಿದ ಬಣ್ಣ, ಅಷ್ಟು ಮೆಥನಾಲ್ ಇಳಿದಿರುತ್ತದೆ. ಫಿಲ್ಟರ್ ಕತ್ತರಿಸಿ, ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿಯುತ್ತೇವೆ, ಮಿನುಗು ಕಂಡರೆ ಬೇರಿಂಗ್ ಹೋಗುತ್ತಿದೆ ಅಂತ ಲೆಕ್ಕ. ನಾನು ಫೀಲರ್ ಗೇಜ್ ಹಿಡಿದು ಟಪೆಟ್ ನೋಡುವಾಗ ಅವನು ನಿನ್ನೆಯ ರೇಸನ್ನು ಲ್ಯಾಪ್ ಲ್ಯಾಪಾಗಿ ಹೇಳುತ್ತಾನೆ. ಎಲ್ಲಿ ಕಾಲು ಎತ್ತಿದ, ಎಲ್ಲಿ ಎಂಜಿನ್ ಕೆಮ್ಮಿತು. ನನಗೆ ಬೇಕಾದ ಗ್ರಾಫು ಅದೇ.

ಹೋದ ಸಲ ಜನವರಿಯಲ್ಲಿ ಒಕ್ಲಹೋಮಾದ ಟಲ್ಸಾಗೂ ಹೋದೆವು, ಚಿಲಿ ಬೌಲ್‌ಗೆ. 1987ರಿಂದ ನಡೆಯುತ್ತಿರುವ ರೇಸು, ಪ್ರದರ್ಶನದ ದೊಡ್ಡ ಹಾಲ್ ಒಳಗೇ ಮಣ್ಣು ತಂದು ಹಾಸಿ ಟ್ರ್ಯಾಕ್ ಮಾಡುತ್ತಾರೆ. 300ಕ್ಕೂ ಜಾಸ್ತಿ ಕಾರು. ಶನಿವಾರದ ರೇಸುಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. ಕೊನೆಯವರು ಅಕ್ಷರಮಾಲೆಯ ತುದಿಯ ಕಡೆಯಿಂದ ಶುರು ಮಾಡಿ ಒಂದೊಂದು ರೇಸಿನಲ್ಲೂ ಮುಂದಿನ ಸ್ಥಾನಗಳಲ್ಲಿ ಬರುತ್ತಾ ಎ ಫೀಚರ್ ಕಡೆಗೆ ಹತ್ತಬೇಕು. ಕೈಲ್ ಲಾರ್ಸನ್, ಕ್ರಿಸ್ಟೋಫರ್ ಬೆಲ್ ಥರದ ನ್ಯಾಸ್‌ಕಾರ್ (ಅಮೆರಿಕದ ದೊಡ್ಡ ಕಾರ್ ರೇಸ್ ಸರಣಿ) ಡ್ರೈವರ್‌ಗಳೂ ಇಲ್ಲಿಗೆ ಬಂದು ಗೆದ್ದಿದ್ದಾರೆ. ಹೊರಗೆ ಮೂಳೆ ಕೊರೆಯುವ ಚಳಿ, ಒಳಗೆ ಮೆಥನಾಲ್ ಹೊಗೆಗೆ ಕಣ್ಣಲ್ಲಿ ನೀರು. ಈರುಳ್ಳಿ ಹೆಚ್ಚಿದ ಹಾಗೆ, ದಿನವಿಡೀ. ನಾವು ಡಿ ತನಕ ಹತ್ತಿದೆವು. ಅಲ್ಲಿ ಇನ್ನೊಬ್ಬನ ಚಕ್ರ ತಾಗಿ ಪಲ್ಟಿ. ಹುಡುಗನಿಗೆ ಏನೂ ಆಗಲಿಲ್ಲ, ಎಂಜಿನ್‌ಗೂ ಇಲ್ಲ.

ವಾಪಸ್ ಬಂದ ವಾರ ಶೆಡ್ಡಿಗೆ ಹೋದರೆ ಅವನು ಆಗಲೇ ಅಲ್ಲಿದ್ದ, ಕೈಯಲ್ಲಿ ಡ್ರಿಲ್. ಒಳಾಂಗಣದ ಟ್ರ್ಯಾಕಿಗೆ ಮೂರನೇ ತೂತು ಮಂದ, ಎರಡನೆಯದು ಚುರುಕು, ನಡುವೆ ಒಂದು ಬೇಕಂತೆ. ಈಗ ಆ ತೋಳಿನಲ್ಲಿ ಐದು ತೂತಿವೆ. ಐದನೆಯದು ಸ್ವಲ್ಪ ಓರೆ. ಹಾಗೇ ಬಿಟ್ಟಿದ್ದೇನೆ.