ರೋರಿ ಗ್ಯಾಲಹರ್‌ಗಾಗಿ ರೇಡಿಯೋದಲ್ಲಿ ಒಂದು ಗಂಟೆ: ನನ್ನ ಅನುಭವ

ಐರ್ಲೆಂಡಿನ ಗಿಟಾರ್ ವಾದಕ, ಹಾಡುಗಾರ ರೋರಿ ಗ್ಯಾಲಹರ್ ಬಗ್ಗೆ ಮೊದಲ ಸಲ ಬರೆದ ಸ್ಕ್ರಿಪ್ಟ್ ಶುರುವಾಗಿದ್ದೇ ಹೀಗೆ: "1995ರ ಜೂನ್ 14ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ..." ಅದನ್ನು ನಮ್ಮ ಸೌಂಡ್ ನೋಡಿಕೊಳ್ಳುವ ಗೆಳೆಯನಿಗೆ ಓದಿ ಹೇಳಿದೆ. ಅವನು ಹೆಡ್‌ಫೋನ್ ಕೆಳಗಿಟ್ಟು, "ಇವರ ಒಂದು ಹಾಡನ್ನೂ ಕೇಳದವರಿಗೆ ಮೊದಲೇ ಸಾವಿನ ಸುದ್ದಿ ಯಾಕೆ? ಮೊದಲು ಪರಿಚಯ ಆಗಲಿ ಬಿಡು" ಅಂದ. ಆ ಮಾತು ನಾಟಿತು. ಅವತ್ತು ರಾತ್ರಿಯೇ ಸ್ಕ್ರಿಪ್ಟನ್ನು ತಲೆಕೆಳಗು ಮಾಡಿದೆ. ಸಾವಿನ ಮಾತು 44ನೇ ನಿಮಿಷಕ್ಕೆ ಹೋಯಿತು.

ಶೋ ಇದ್ದದ್ದು 2025ರ ಜೂನ್ 14, ಶನಿವಾರ ರಾತ್ರಿ 9ಕ್ಕೆ. ರೋರಿ ತೀರಿಕೊಂಡು ಆ ದಿನಕ್ಕೆ ಸರಿಯಾಗಿ 30 ವರ್ಷ. ನಮ್ಮದು ಚಿಕ್ಕ ಸ್ಟೇಷನ್, ಮಾತೆಲ್ಲ ಕನ್ನಡದಲ್ಲಿ. ಕೇಳುವವರಲ್ಲಿ ಹೆಚ್ಚಿನವರಿಗೆ ಈ ಹೆಸರೇ ಹೊಸದು ಅಂತ ಗೊತ್ತಿತ್ತು. ನನಗಂತೂ ಇಪ್ಪತ್ತು ವರ್ಷದಿಂದ ಬಿಡದೆ ಕೇಳುತ್ತಿರುವ ಗಿಟಾರ್ ಇದು. ಹಾಗಾಗಿ ಈ ಒಂದು ಗಂಟೆಯನ್ನು ಹಾಳು ಮಾಡಬಾರದು ಎನ್ನುವ ಭಯ ಜಾಸ್ತಿಯೇ ಇತ್ತು.

ಹೆಸರಿನಿಂದಲೇ ಕೆಲಸ ಶುರು ಮಾಡಿದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ಓದಿದರೆ ಬಾಯಿಗೆ "ಗಲಗರ್" ಅಂತ ಬರುತ್ತದೆ. ಐರ್ಲೆಂಡಿನ ಜನ ಹಾಗೆ ಹೇಳುವುದಿಲ್ಲ. ಅವರ ಬಾಯಲ್ಲಿ ನಡುವಿನ ಆ ಗಕಾರ ಇಲ್ಲವೇ ಇಲ್ಲ, ಅದು "ಗ್ಯಾಲಹರ್". ಸ್ಕ್ರಿಪ್ಟಿನಲ್ಲಿ ಪ್ರತಿ ಸಲವೂ ಹಾಗೇ ಬರೆದುಕೊಂಡೆ, ಮೈಕ್ ಮುಂದೆ ನಾಲಿಗೆ ಹಳೇ ದಾರಿ ಹಿಡಿಯಬಾರದು ಅಂತ. ತೀರಿಹೋದವರ ಹೆಸರನ್ನು ಅವರ ಮನೆಯವರು ಕರೆಯುತ್ತಿದ್ದ ಹಾಗೆ ಕರೆಯುವುದು ಕನಿಷ್ಠ ಮರ್ಯಾದೆ, ಅಲ್ವಾ?

ಗಂಟೆ ಅಂದರೂ ಜಾಹೀರಾತು, ಸ್ಟೇಷನ್ ಹೆಸರು ಎಲ್ಲ ಕಳೆದು ನನ್ನ ಕೈಗೆ ಸಿಕ್ಕಿದ್ದು 54 ನಿಮಿಷ. ಅದರಲ್ಲಿ 43 ನಿಮಿಷ ಹಾಡು, 11 ನಿಮಿಷ ಮಾತು ಅಂತ ಗೆರೆ ಎಳೆದೆ. 11 ನಿಮಿಷದಲ್ಲಿ ಒಂದು ಬದುಕನ್ನು ಹೇಳಲು ಆಗುವುದಿಲ್ಲ. ಹಾಗಾಗಿ ಏನು ಬಿಡಬೇಕು ಅಂತ ನೋಡುತ್ತಾ ಹೋದೆ. 1975ರ ಜನವರಿಯಲ್ಲಿ ರಾಟರ್‌ಡ್ಯಾಮ್‌ಗೆ ಹೋಗಿ ಹೆಸರಾಂತ ಬ್ರಿಟಿಷ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಜೊತೆ ನುಡಿಸಿದ್ದು, ಆಮೇಲೆ ತನ್ನ ಜಪಾನ್ ಪ್ರವಾಸಕ್ಕೆ ಹೊರಟುಬಿಟ್ಟದ್ದು ಒಳ್ಳೆಯ ಕಥೆ. ಆದರೆ ಅದನ್ನು ಹೇಳಿದರೆ ಕೇಳುಗರ ತಲೆಯಲ್ಲಿ ಉಳಿಯುವುದು ಸ್ಟೋನ್ಸ್. ತೆಗೆದೆ. ಇನ್ನೊಂದು ಮಾತು ಎಲ್ಲ ಕಡೆ ಓಡಾಡುತ್ತದೆ: ಜಗತ್ತಿನ ಶ್ರೇಷ್ಠ ಗಿಟಾರ್ ವಾದಕ ಆಗಿರುವುದು ಹೇಗನಿಸುತ್ತದೆ ಎಂದು ಕೇಳಿದಾಗ ಜಿಮಿ ಹೆಂಡ್ರಿಕ್ಸ್ ರೋರಿಯ ಕಡೆ ಕೈ ತೋರಿಸಿದರಂತೆ. ಹುಡುಕಿದೆ, ಗಟ್ಟಿ ಆಧಾರ ಸಿಗಲಿಲ್ಲ. ಅದನ್ನೂ ತೆಗೆದೆ. ರೋರಿಯನ್ನು ದೊಡ್ಡವರು ಅಂತ ತೋರಿಸಲು ಬೇರೆಯವರ ಮಾತು ಬೇಕಾಗಿಲ್ಲ.

ಇಟ್ಟುಕೊಂಡ ಮೊದಲ ಕಥೆ ರೇಡಿಯೋದ್ದೇ. ರೋರಿ ಹುಟ್ಟಿದ್ದು 1948ರಲ್ಲಿ, ಬ್ಯಾಲಿಶ್ಯಾನನ್ ಎನ್ನುವ ಊರಿನಲ್ಲಿ. ಅಪ್ಪ ಅಲ್ಲಿ ಅರ್ನ್ ನದಿಯ ವಿದ್ಯುತ್ ಯೋಜನೆಯಲ್ಲಿ ಕೆಲಸಕ್ಕಿದ್ದರು. ಬೆಳೆದದ್ದು ಕಾರ್ಕ್ ನಗರದಲ್ಲಿ. ಅಮೆರಿಕದ ಕಪ್ಪು ಜನರ ಹಾಡಿನ ಪ್ರಕಾರವಾದ ಬ್ಲೂಸ್ ಅವರ ಕಿವಿಗೆ ಬಿದ್ದಿದ್ದು ಯುರೋಪಿನಲ್ಲಿದ್ದ ಅಮೆರಿಕನ್ ಸೈನಿಕರಿಗಾಗಿ ನಡೆಯುತ್ತಿದ್ದ ರೇಡಿಯೋದಿಂದ, ರೇಡಿಯೋ ಲಕ್ಸೆಂಬರ್ಗ್‌ನಿಂದ. ಯಾರೋ ಯಾರಿಗೋ ಅಂತ ಕಳಿಸಿದ ಹಾಡನ್ನು ದೂರದಲ್ಲಿದ್ದ ಒಬ್ಬ ಹುಡುಗ ಹಿಡಿದುಕೊಂಡ. ಇದನ್ನು ರೇಡಿಯೋದಲ್ಲೇ ಹೇಳುವಾಗ ನನ್ನ ದನಿ ಸ್ವಲ್ಪ ನಡುಗಿತು. ರೆಕಾರ್ಡಿಂಗ್ ಕೇಳಿದರೆ ಈಗಲೂ ಗೊತ್ತಾಗುತ್ತದೆ.

ಎರಡನೆಯದು ಗಿಟಾರ್. ರೋರಿಯ ಬಗ್ಗೆ ಮಾತಾಡುವವರು ಯಾರೇ ಆದರೂ ಅಲ್ಲಿಗೆ ಬರಲೇಬೇಕು. 1961ರಲ್ಲಿ ತಯಾರಾದ, ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಎನ್ನುವ ಎಲೆಕ್ಟ್ರಿಕ್ ಗಿಟಾರ್. 1963ರಲ್ಲಿ ಕಾರ್ಕ್‌ನ ಕ್ರೌಲೀಸ್ ಅಂಗಡಿಯಿಂದ ಹೆಚ್ಚುಕಡಿಮೆ 100 ಪೌಂಡಿಗೆ ಕಂತಿನಲ್ಲಿ ತಂದದ್ದು. ಆಗ ರೋರಿಗೆ 15 ವರ್ಷ. ಒಮ್ಮೆ ಅದು ಕಳುವಾಯಿತು. ಕೆಲವು ದಿನಗಳ ನಂತರ ಒಂದು ಹಳ್ಳದಲ್ಲಿ ಸಿಕ್ಕಿತು. ಆಮೇಲೆ ಬದುಕಿರುವವರೆಗೂ ಅದೇ ಗಿಟಾರ್. ಬೆವರಿಗೆ ಬಣ್ಣವೆಲ್ಲ ಎದ್ದು, ಒಳಗಿನ ಮರ ಕಾಣುತ್ತಿತ್ತು.

ಇದನ್ನು ರೇಡಿಯೋದಲ್ಲಿ ತೋರಿಸುವುದು ಹೇಗೆ? ಫೋಟೋ ಇಲ್ಲ, ಬರೀ ಬಾಯಿಮಾತು. "ತುಂಬಾ ಹಳೆಯದಾಗಿ ಕಾಣುವ ಗಿಟಾರ್" ಅಂತ ಬರೆದು ಹೊಡೆದು ಹಾಕಿದೆ. "ಸವೆದ ಗಿಟಾರ್" ಅಂದರೂ ಏನೂ ಕಾಣಲಿಲ್ಲ. ಕೊನೆಗೆ ಬರೆದದ್ದು: "ದಿನಾ ಕಾಲು ತಾಗಿ ತಾಗಿ ನಡು ತಗ್ಗಾದ ಹೊಸಿಲನ್ನು ನೋಡಿದ್ದೀರಲ್ಲ, ಈ ಗಿಟಾರಿನ ಮೈ ಹಾಗಿದೆ. ಯಾರೂ ಕೆಡಿಸಿದ್ದಲ್ಲ, ಬಳಸಿ ಬಳಸಿ ಆದದ್ದು." ಅದರ ಹಿಂದೆಯೇ, ಒಂದು ಸೆಕೆಂಡೂ ಬಿಡದೆ, ಅದರ ತಂತಿಯ ಸದ್ದು ಬಿಟ್ಟೆ. ಅದೇ ಗಿಟಾರ್ 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ 8 ಲಕ್ಷ ಪೌಂಡಿಗೂ ಜಾಸ್ತಿ ಬೆಲೆಗೆ ಹೋಯಿತು, ಕೊಂಡವರು ಐರ್ಲೆಂಡಿನ ನ್ಯಾಷನಲ್ ಮ್ಯೂಸಿಯಂಗೆ ಕೊಡಲೆಂದೇ ಕೊಂಡರು ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದೆ.

ಶೋ ಶುರುವಾದದ್ದು ಮಾತಿನಿಂದ ಅಲ್ಲ, 1972ರ "ಲೈವ್ ಇನ್ ಯುರೋಪ್" ಆಲ್ಬಂನ ಮ್ಯಾಂಡೊಲಿನ್ ಹಾಡಿನಿಂದ. ಜನ ತಾಳ ಹಾಕುತ್ತಾರೆ, ಒಬ್ಬ ಮನುಷ್ಯ ಒಂದು ಪುಟ್ಟ ವಾದ್ಯ ಹಿಡಿದು ಇಡೀ ಸಭಾಂಗಣವನ್ನೇ ಎತ್ತಿ ಕುಣಿಸುತ್ತಾನೆ. ರಾಕ್ ಅಂದರೆ ಗದ್ದಲ ಅಂದುಕೊಂಡವರು ಚಾನೆಲ್ ಬದಲಿಸುವ ಮೊದಲೇ ಈ ಹಾಡು ಅವರನ್ನು ಹಿಡಿದು ನಿಲ್ಲಿಸುತ್ತದೆ ಅಂತ ನನ್ನ ಲೆಕ್ಕ.

ನಿಜವಾಗಿ ಕಷ್ಟ ಕೊಟ್ಟಿದ್ದು ಕೊನೆಯ ಹಾಡು. "ಐರಿಷ್ ಟೂರ್ '74" ಆಲ್ಬಂನ "ಎ ಮಿಲಿಯನ್ ಮೈಲ್ಸ್ ಅವೇ". ಒಂಬತ್ತು ನಿಮಿಷಕ್ಕೂ ಜಾಸ್ತಿ ಇದೆ. ಆ ಆಲ್ಬಂನ ಕಛೇರಿಗಳನ್ನು ರೆಕಾರ್ಡ್ ಮಾಡಿದ್ದು 1974ರ ಜನವರಿಯಲ್ಲಿ, ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್‌ಗಳಲ್ಲಿ. ಬೆಲ್‌ಫಾಸ್ಟಿನಲ್ಲಿ ಬಾಂಬು, ಗುಂಡು ದಿನದ ಸುದ್ದಿಯಾಗಿದ್ದ ವರ್ಷಗಳವು. ಹೊರಗಿನ ಬ್ಯಾಂಡುಗಳು ಅತ್ತ ತಲೆ ಹಾಕುವುದೇ ಕಡಿಮೆಯಾಗಿತ್ತು. ರೋರಿ ಮಾತ್ರ ಹೋಗುವುದನ್ನು ಬಿಡಲಿಲ್ಲ. ಇದನ್ನು ತಿಳಿದ ಮೇಲೆ ಆ ಜನರ ಚಪ್ಪಾಳೆಗೆ ಕತ್ತರಿ ಹಾಕಲು ನನಗೆ ಕೈ ಬರಲಿಲ್ಲ. ನಾಲ್ಕು ನಿಮಿಷಕ್ಕೆ ಫೇಡ್ ಮಾಡು, ಅಂದರೆ ಸದ್ದು ಮೆಲ್ಲಗೆ ಇಳಿಸಿ ನಿಲ್ಲಿಸು ಅಂತ ಸಲಹೆ ಬಂದಿತ್ತು. ಆಗಲ್ಲ ಅಂದೆ. ಅದರ ಬದಲು ಬೇರೆ ಎರಡು ಹಾಡು ಕೈಬಿಟ್ಟೆ.

ಆದರೆ ರಿಹರ್ಸಲ್‌ನಲ್ಲಿ ಹಾಡು ಕೆಟ್ಟಿತು. ನಡುವೆ ಗಿಟಾರ್ ತೀರಾ ಮೆಲ್ಲಗಾಗುತ್ತದೆ, ಪಿಸುಮಾತಿನಷ್ಟು. ಸ್ಟೇಷನ್ನಿನಿಂದ ಹೊರಗೆ ಹೋಗುವ ಸದ್ದನ್ನೆಲ್ಲ ಒಂದೇ ಮಟ್ಟಕ್ಕೆ ತರುವ ಕಂಪ್ರೆಸರ್ ಇದೆ. ಅದಕ್ಕೆ ಪಿಸುಮಾತು ಅಂದರೆ ಆಗುವುದಿಲ್ಲ. ಮೆಲ್ಲಗಾದ ಕೂಡಲೇ ಎಲ್ಲವನ್ನೂ ಮೇಲೆತ್ತಿತು, ಟೇಪಿನ ಸುಯ್ ಎನ್ನುವ ಸದ್ದೂ ಜನರ ಗುಜುಗುಜೂ ಗಿಟಾರಿಗಿಂತ ಮುಂದೆ ಬಂದವು. ಆಮೇಲೆ ಗಿಟಾರ್ ಜೋರಾಗಿ ಏರಬೇಕಾದ ಕಡೆ ಏರಲೇ ಇಲ್ಲ, ಅದುಮಿ ಹಿಡಿದ ಹಾಗಾಯಿತು. ಹಾಡಿನ ಜೀವ ಇರುವುದೇ ಆ ಏರಿಳಿತದಲ್ಲಿ. ಮೂರು ಸಂಜೆ ಕೂತು ದಾರಿ ಹುಡುಕಿದೆವು. ಗೆಳೆಯ ಆ ಶೋ ಮಟ್ಟಿಗೆ ಕಂಪ್ರೆಸರನ್ನು ಸಡಿಲ ಮಾಡಿದ. ನಾನು ಹಾಡಿನ ಒಟ್ಟು ಮಟ್ಟವನ್ನು ಮೂರು ಡೆಸಿಬಲ್ ಇಳಿಸಿ, ಎಲ್ಲಿ ಎಷ್ಟು ಏರಿಸಬೇಕು ಅಂತ ಸೆಕೆಂಡ್ ಸಮೇತ ಕಾಗದದಲ್ಲಿ ಗುರುತು ಹಾಕಿಕೊಂಡೆ. ಪ್ರಸಾರದ ಹೊತ್ತಿಗೆ, ಸದ್ದು ಏರಿಸಿ ಇಳಿಸುವ ಫೇಡರ್ ಮೇಲೆ ಬೆರಳಿಟ್ಟು ಕೈಯಲ್ಲೇ ಮಾಡಿದೆ.

ಶನಿವಾರ 9 ಗಂಟೆ 40 ನಿಮಿಷಕ್ಕೆ ಸ್ಟುಡಿಯೋ ಫೋನಿಗೆ ಒಂದು ಮೆಸೇಜ್ ಬಂತು. ಮಧ್ಯದಲ್ಲಿ ರೇಡಿಯೋ ಹಾಕಿದ ಯಾರೋ ಕೇಳಿದ್ದರು: "ಸಾರ್, ಇವರು ಈಗ ಎಲ್ಲಿ ನುಡಿಸ್ತಿದ್ದಾರೆ?"

ನಾಲ್ಕು ನಿಮಿಷದ ನಂತರ ಮೈಕ್ ತೆರೆದೆ. ಮೊದಲು ಆ ಪ್ರಶ್ನೆಯನ್ನು ಓದಿದೆ. ಆಮೇಲೆ ಬರೆದಿಟ್ಟದ್ದನ್ನು ಮೆಲ್ಲಗೆ ಹೇಳಿದೆ. 1995ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಕೊನೆಯ ಕಛೇರಿ, ಆಮೇಲೆ ಆಸ್ಪತ್ರೆ, ಲಿವರ್ ಕಸಿ, ಅದರ ಹಿಂದೆ ಬಂದ ಸೋಂಕು. 47 ವರ್ಷಕ್ಕೆ ಹೋದರು. ಕಾರ್ಕ್ ಹತ್ತಿರ ಮಣ್ಣು ಮಾಡಿದರು. ಒಂದೂವರೆ ನಿಮಿಷದಲ್ಲಿ ಮುಗಿಯಿತು. ಅದಕ್ಕಿಂತ ಉದ್ದ ಮಾಡಲು ಮನಸ್ಸಾಗಲಿಲ್ಲ. "ಈಗ ಐರ್ಲೆಂಡಿನಲ್ಲಿ ನುಡಿಸುತ್ತಿದ್ದಾರೆ, 1974ರಲ್ಲಿ" ಅಂತ ಹೇಳಿ ಹಾಡು ಬಿಟ್ಟೆ.

ಪಿಸುಮಾತಿನ ಜಾಗ ಬಂದಾಗ ಸ್ಟುಡಿಯೋದಲ್ಲಿ ಇಬ್ಬರೂ ಉಸಿರು ಹಿಡಿದಿದ್ದೆವು. ಸುಯ್ ಸದ್ದು ಮೇಲೆ ಬರಲಿಲ್ಲ. ಗಿಟಾರ್ ಒಂಟಿಯಾಗಿ ಇತ್ತು, ಎಷ್ಟು ಮೆಲ್ಲಗೆ ಇರಬೇಕೋ ಅಷ್ಟೇ ಮೆಲ್ಲಗೆ. ಆಮೇಲೆ ಅದು ಏರತೊಡಗಿತು, ನಾನು ಬೆರಳನ್ನು ಅದರ ಜೊತೆ ಮೇಲೆ ಸರಿಸುತ್ತಾ ಹೋದೆ. ಕೊನೆಯ ಚಪ್ಪಾಳೆ ಪೂರ್ತಿ ಹೋಗಲಿ ಅಂತ ಬಿಟ್ಟೆ.

ಅದೇ ನಂಬರಿನಿಂದ ಇನ್ನೊಂದು ಮೆಸೇಜ್ ಬಂದಿತ್ತು: "ಹೆಸರು ಇನ್ನೊಂದ್ಸಲ ಹೇಳಿ ಸಾರ್, ಬರ್ಕೋತೀನಿ." ಟೈಮ್ ಮುಗಿಯಲು ಇಪ್ಪತ್ತು ಸೆಕೆಂಡ್ ಇತ್ತು. ರೋರಿ ಗ್ಯಾಲಹರ್ ಅಂತ ನಿಧಾನವಾಗಿ ಎರಡು ಸಲ ಹೇಳಿ ಮೈಕ್ ಮುಚ್ಚಿದೆ.